ಅಟ್ಟದ ಎತ್ತರ

ಸುಹಾಸಿನಿ ಇನ್ನಿಲ್ಲವೆಂಬ ಸುದ್ದಿ ನಮ್ಮ ಮನೆಗೆ ಬಂದದ್ದು ಕಾರ್ತಿಕ ಬಹುಳ ಪಂಚಮಿಯ ದಿನ, ಬೆಳಗಿನ ಹತ್ತು ಗಂಟೆಗೆ. ಆ ವರ್ಷದ ಹೊಳೆಯ ಸುತ್ತು ಮುಗಿದು ನಾಲ್ಕು ದಿನವಾಗಿತ್ತು. ನಾನು ತುಳಸಿಗೆ ನೀರು ಹಾಕಿ ಒಳಗೆ ಬಂದಿದ್ದೆ. ಓರಗಿತ್ತಿ ಸಾವಿತ್ರಕ್ಕ ಅಡುಗೆಮನೆಯಲ್ಲಿ ಮೆಂತ್ಯ ಹುರಿಯುತ್ತಿದ್ದಳು. ಫೋನು ಎತ್ತಿಕೊಂಡಾಗ ಆ ಕಡೆಯಿಂದ ಒಬ್ಬ ಗಂಡಸಿನ ದನಿ, “ಹೊಳೆ ಅಜ್ಜಿ ಅಂದ್ರೆ ನೀವೇನಾ?” ಎಂದು ಕೇಳಿತು.

ನನ್ನನ್ನು ಹಾಗೆ ಕರೆಯುತ್ತಿದ್ದವಳು ಒಬ್ಬಳೇ. “ಹೌದಪ್ಪಾ, ನೀ ಯಾರು?” ಎಂದೆ.

“ನಾನು ಸುಹಾಸಿನಿ ಅಣ್ಣ. ಅವಳ ಪುಸ್ತಕದಲ್ಲಿ ನಿಮ್ಮ ನಂಬರು ಹಾಗೇ ಬರೆದಿತ್ತು. ಜ್ವರ ಬಂತು ಅಜ್ಜಿ. ಐದೇ ದಿನ. ಹೋದ ಗುರುವಾರ ಎಲ್ಲಾ ಮುಗೀತು.”

ನಾನು ಏನು ಹೇಳಿದೆನೋ ನೆನಪಿಲ್ಲ. ಮೆಂತ್ಯ ಸೀದ ವಾಸನೆ ಬಂದಾಗಲೇ ತಿರುಗಿ ನೋಡಿದ್ದು. ಸಾವಿತ್ರಕ್ಕ ಸವುಟು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಕಿವಿ ಮಂದ. ಆದರೂ ನನ್ನ ಮುಖ ನೋಡಿಯೇ ತಿಳಿದುಕೊಂಡಳು. ಒಳಗೆ ಹೋಗಿ ಒಲೆ ಆರಿಸಿದಳು. ಆ ದಿನ ನಮ್ಮ ಮನೆಯಲ್ಲಿ ಮತ್ತೆ ಒಲೆ ಹೊತ್ತಲಿಲ್ಲ. ಇಪ್ಪತ್ತಾರು ವರ್ಷದ ಹುಡುಗಿ. ನಮಗೆ ರಕ್ತಸಂಬಂಧವಲ್ಲ, ಜಾತಿಯಲ್ಲ, ಊರಿನವಳೂ ಅಲ್ಲ. ನಮ್ಮ ಮಾಳಿಗೆಯ ಕೋಣೆಯಲ್ಲಿ ಆರು ತಿಂಗಳು ಇದ್ದು ಹೋದವಳು. ಅವಳು ಈ ಊರಿಗೆ ಮಾಡಿದ್ದನ್ನು ನಾನು ಹೇಳಬೇಕು. ಹೇಳದೆ ಸುಮ್ಮನಿರುವುದರಿಂದ ಆಗುವ ಕೇಡು ಎಂಥದು ಎಂಬುದನ್ನು ಕಲಿಸಿದವಳೇ ಅವಳು.

ನಮ್ಮ ಊರಿನಲ್ಲಿ ಹೊಳೆ ಮನೆಗೆ ಬರುತ್ತದೆ. ಆಷಾಢದಲ್ಲಿ ಕೆಂಪು ನೀರು ಇಳಿದು ತಿಳಿಯಾದ ಮೇಲೆ ಒಂದು ಬೆಳಿಗ್ಗೆ ಹೊಳೆಯಮ್ಮ ಮೆಟ್ಟಿಲು ಹತ್ತಿ ಮೊದಲನೆಯ ಮನೆಯ ಹೊಸ್ತಿಲು ದಾಟುತ್ತಾಳೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಇಳಿದು ಹೋಗುತ್ತಾಳೆ. ಮರುದಿನ ಪಕ್ಕದ ಮನೆ. ಹೀಗೆ ಮೂರು ಕೇರಿಯ ನೂರ ಹನ್ನೆರಡು ಮನೆ ಸುತ್ತಿ ಕಾರ್ತಿಕದಲ್ಲಿ ತನ್ನ ಪಾತ್ರಕ್ಕೆ ಮರಳುತ್ತಾಳೆ. ಅವಳು ಒಬ್ಬರ ನಡುಮನೆಯಲ್ಲಿ ನಿಂತಿರುವಾಗ ಪಕ್ಕದವರ ಜಗಲಿಯಲ್ಲಿ ಹಾಕಿದ ಸಂಡಿಗೆ ಒಣಗುತ್ತಿರುತ್ತದೆ. ಬೆಳಿಗ್ಗೆ ಎದ್ದು ಯಾರು ಎದುರಾದರೂ, “ಇವತ್ತ ಅಮ್ಮ ಯಾರ ಮನ್ಯಾಗ?” ಎಂದು ಕೇಳುವುದೇ ನಮ್ಮಲ್ಲಿ ನಮಸ್ಕಾರ. ಸರದಿಯ ಮನೆಯ ಮಕ್ಕಳಿಗೆ ಶಾಲೆಯಲ್ಲಿ ಆ ದಿನ ರಜೆ. ಮಂಚಗಳನ್ನು ತೊಲೆಯ ಕೊಕ್ಕೆಗೆ ತೂಗುಹಾಕುತ್ತೇವೆ. ಕಪಾಟುಗಳಿಗೆ ಕಲ್ಲಿನ ಕಾಲು, ದೀಪದ ಗುಂಡಿಗಳೆಲ್ಲ ತಲೆಯಿಂದ ಮೇಲೆ. ದರ್ಜಿ ಇಮಾಮಸಾಬರು ಹೊಲಿಗೆಯ ಯಂತ್ರವನ್ನು ಹಗ್ಗ ಕಟ್ಟಿ ಎಳೆದು ಮೇಲಿಟ್ಟು, ಅವತ್ತು ಕೈಹೊಲಿಗೆ ಮಾಡುತ್ತಾರೆ. ಅವಳು ಬಂದಾಗ ಮನೆಯ ಹಿರಿಯರು ಒಳಗೆ ಆ ತೂಗುಮಂಚದ ಮೇಲೆ ಕೂತಿರಬೇಕು. ಬಂದವಳನ್ನು ಖಾಲಿ ಮನೆಯಲ್ಲಿ ಕೂರಿಸುವ ರೂಢಿ ನಮ್ಮಲ್ಲಿಲ್ಲ. ಅವಳು ಹೋದ ಮೇಲೆ, ನೀರು ಎಷ್ಟು ನಿಂತಿತ್ತೋ ಅಲ್ಲಿಗೆ ಬಾಗಿಲಿನ ಬಲಗಡೆಯ ಚೌಕಟ್ಟಿನ ಮೇಲೆ ಅರಿಸಿನವನ್ನು ಎಣ್ಣೆಯಲ್ಲಿ ಕಲಸಿ ಒಂದು ಗೆರೆ ಎಳೆದು ಪಕ್ಕದಲ್ಲಿ ವರ್ಷ ಬರೆಯುತ್ತೇವೆ. ಇಮಾಮಸಾಬರ ಮನೆಯಲ್ಲಿ ಸುಣ್ಣದ ಗೆರೆ.

ನಾಲ್ಕು ವರ್ಷದ ಹಿಂದೆ ಪುರಸಭೆಯವರಿಗೆ ಹೊಳೆದಂಡೆಯನ್ನು ಚೆಂದ ಮಾಡುವ ಆಸೆ ಹುಟ್ಟಿತು. ದಂಡೆಯುದ್ದಕ್ಕೂ ಕಲ್ಲಿನ ಗೋಡೆ, ಗೋಡೆಯ ಮೇಲೆ ವಾಯುವಿಹಾರದ ದಾರಿ, ಅಂಗಡಿ, ಬಣ್ಣದ ದೀಪ. ಅಲ್ಲಿ ಗುಡಿಸಲು ಹಾಕಿಕೊಂಡಿದ್ದ ಹತ್ತೊಂಬತ್ತು ಅಂಬಿಗರ ಮನೆಯವರನ್ನು ಊರಾಚೆಯ ಗುಡ್ಡದ ಮೇಲೆ ಕಳಿಸುವುದು. ದೂರದ ನಗರದ ಒಂದು ಕಾಲೇಜಿಗೆ ಇದನ್ನು ಪರೀಕ್ಷಿಸಿ ವರದಿ ಕೊಡಲು ಹೇಳಿದರು. ಕಾಲೇಜಿನವರು ಕಟ್ಟಡಶಿಲ್ಪ ಓದುತ್ತಿದ್ದ ಕೊನೆಯ ವರ್ಷದ ಹುಡುಗಿಯನ್ನು ಕಳಿಸಿದರು. ಬಾಳಿಕೆ ಬರುವ ದಂಡೆಯನ್ನು ಕಟ್ಟುವುದು ಹೇಗೆ ಎಂಬುದು ಅವಳ ಅಭ್ಯಾಸದ ವಿಷಯ. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಹೇಳಿಕೊಟ್ಟು ನಿವೃತ್ತಳಾದವಳು. ಬೀದಿಯಿಂದಲೇ ಮೆಟ್ಟಿಲಿರುವ ಮಾಳಿಗೆಯ ಕೋಣೆ ಖಾಲಿ ಇತ್ತು. ಅವಳು ಬಂದಳು. ಸಣ್ಣ ಮೈಕಟ್ಟು, ದೊಡ್ಡ ಕನ್ನಡಕ, ಒಂದು ಕೈಯಲ್ಲಿ ಹಾಸಿಗೆ ಸುರುಳಿ, ಇನ್ನೊಂದರಲ್ಲಿ ಕೊಡೆಯಷ್ಟು ಉದ್ದದ ಕಾಗದದ ಕೊಳವೆ.

ಅವಳು ಬಂದ ದಿನ ಹೊಳೆ ಕುಂಬಾರರ ಮನೆಯಲ್ಲಿತ್ತು. ಅವಳು ಹೋಗಿ ಹೊಸ್ತಿಲ ಹೊರಗೆ ನಿಂತು ನೋಡಿಬಂದಳು. ಊಟಕ್ಕೆ ಕೂತಾಗ ಬಹಳ ಹೊತ್ತು ತುತ್ತು ಎತ್ತಲಿಲ್ಲ. ಆಮೇಲೆ, “ಅಜ್ಜಿ, ಐದು ವರ್ಷ ನಾವು ಕಲಿತದ್ದು ನೀರನ್ನ ಹೊರಗೆ ಇಡೋದು ಹೇಗೆ ಅಂತ. ನೀವು ಅದಕ್ಕೆ ಮಣೆ ಹಾಕಿ ಕೂರಿಸ್ತೀರಿ,” ಎಂದಳು.

“ಮತ್ತ ಬಂದವರನ್ನ ಅಂಗಳದಾಗ ನಿಲ್ಲಸ್ತಾರೇನು?” ಎಂದಳು ಸಾವಿತ್ರಕ್ಕ. “ಸಾರು ಹಾಕ್ಕೋ, ಆರ್ತದ.”

ಅವಳ ದುಡಿಮೆಯನ್ನು ನಾನು ಹೇಗೆ ವರ್ಣಿಸಲಿ? ಬೆಳಿಗ್ಗೆ ಆರಕ್ಕೆ ಎದ್ದು ಹೊರಟರೆ ಮಧ್ಯಾಹ್ನ ಎರಡಕ್ಕೆ ಊಟಕ್ಕೆ ಬರುವಳು. ಪ್ರತಿ ಮನೆಯ ಮುಂದೆ ಚಪ್ಪಲಿ ಬಿಟ್ಟು, “ಒಳಗೆ ಬರಲಾ ಅಮ್ಮಾ?” ಎಂದು ಕೇಳಿಯೇ ಹೋಗುವಳು. ಚೌಕಟ್ಟಿನ ಮೇಲಿನ ಗೆರೆಗಳನ್ನು ಒಂದೂ ಬಿಡದೆ ಟೇಪು ಹಿಡಿದು ಅಳೆದು ಬರೆದುಕೊಳ್ಳುವಳು. ಗೆರೆ ಮಾಸಿದ್ದರೆ ಒದ್ದೆ ಬಟ್ಟೆ ಒತ್ತಿ, ಓರೆಯಾಗಿ ನೋಡಿ, ಬೆರಳಿನಿಂದ ಸವರಿ ಕಂಡುಹಿಡಿಯುವಳು. ನಮ್ಮ ನೆಲ ಬೀದಿಯ ಕಡೆಗೆ ಎರಡು ಬೆರಳು ಇಳಿಜಾರಾಗಿರುವುದು ನನಗೇ ತಿಳಿದಿರಲಿಲ್ಲ. ಅವಳು ಒಂದು ಗೋಲಿ ಇಟ್ಟು ತೋರಿಸಿದಳು. ಅದು ಉರುಳುತ್ತ ಹೋಗಿ ಹೊಸ್ತಿಲ ಪಕ್ಕದ ತೂತಿನಲ್ಲಿ ಇಳಿಯಿತು. “ಇದನ್ನ ಕಟ್ಟಿದ ಗೌಂಡಿ ಯಾವ ಕಾಲೇಜಿಗೆ ಹೋಗಿದ್ನೋ,” ಎಂದು ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಓದಿದವರು ಓದದವರ ಕೆಲಸಕ್ಕೆ ಹಾಗೆ ಕೈಮುಗಿದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಸಾವಿತ್ರಕ್ಕನಿಗೂ ಅವಳಿಗೂ ದಿನವೂ ಜಗಳ. “ಅಳತೀ ಮಾಡಿ ಮಾಡಿ ನಮ್ಮ ಬಾಗಲಾ ಸವಸಿಬಿಟ್ಟಿ. ನಿನ್ನ ಮದುವಿಗೆ ಗಂಡನ್ನೂ ಟೇಪು ಹಿಡದಽ ಆರಸ್ತೀಯೇನು?”

“ಗಂಡಿಗಿಂತ ಮೊದಲು ಅವನ ಮನೆ ಅಳೀತೀನಿ ದೊಡ್ಡಜ್ಜಿ. ಮನೆ ಸರಿಯಿದ್ರೆ ಗಂಡು ನೋಡೋಣ.”

ಒಂದು ದಿನ ನಡುಮನೆಯಲ್ಲಿ ನಿಂತು ತಲೆ ಎತ್ತಿ ಅಟ್ಟವನ್ನು ನೋಡಿದಳು. ನಮ್ಮ ಕೇರಿಗಳ ಎಲ್ಲ ಮನೆಗಳಲ್ಲೂ ಅಟ್ಟವಿದೆ. ನೆಲದಿಂದ ಒಂಬತ್ತು ಅಡಿ, ಕಡಿದಾದ ಏಣಿ. “ಅಜ್ಜಿ, ನೀರು ನಾಲ್ಕು ಅಡಿ ದಾಟಲ್ಲ. ಅಟ್ಟ ಯಾಕೆ ಇಷ್ಟೊಂದು ಎತ್ತರ? ನೀವು ಈ ಮಂಡಿನೋವಲ್ಲಿ ಹೇಗೆ ಹತ್ತೀರಿ?”

“ಉಪ್ಪಿನಕಾಯಿ ಜಾಡಿ ಇಡ್ಲಿಕ್ಕವ್ವಾ,” ಎಂದೆ.

ನಾನು ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಅಟ್ಟದ ಬಗ್ಗೆ ಹೊರಗಿನವರು ಕೇಳಿದರೆ ಎಲ್ಲರೂ ಅದನ್ನೇ ಹೇಳುತ್ತೇವೆ. ನಮ್ಮ ಅತ್ತೆಯೂ ಹಾಗೆಯೇ ಹೇಳುತ್ತಿದ್ದರು. ಸುಹಾಸಿನಿ ಪುಸ್ತಕದಲ್ಲಿ ಬರೆದುಕೊಂಡಳು. ಆ ಪುಟವನ್ನು ಆಮೇಲೆ ನಾನೇ ನೋಡಿದ್ದೇನೆ. ‘ಅಟ್ಟ: ಸಾಮಾನು ಇಡಲು’ ಎಂದು ದುಂಡಗಿನ ಅಕ್ಷರ.

ಅಂಬಿಗರ ದುರ್ಗವ್ವನ ಪರಿಚಯ ಅವಳಿಗೆ ಆದದ್ದು ದೋಣಿಯಲ್ಲಿ. ದುರ್ಗವ್ವನಿಗೆ ಎಪ್ಪತ್ತರ ಹತ್ತಿರ. ಗಂಡ ಯಲ್ಲಪ್ಪನಿಗೆ ದಮ್ಮು ಹತ್ತಿದ ಮೇಲೆ ಹುಟ್ಟು ಹಾಕುತ್ತಿದ್ದವಳು ಇವಳೇ. ಗುಡ್ಡದ ಮೇಲೆ ಮನೆ ಕೊಟ್ಟರೆ ಹೋಗುತ್ತೀಯಾ ಎಂದು ಸುಹಾಸಿನಿ ಕೇಳಿದಳಂತೆ. ದುರ್ಗವ್ವ ನಡುಹೊಳೆಯಲ್ಲಿ ಹುಟ್ಟು ನಿಲ್ಲಿಸಿ ಹೇಳಿದ ಮಾತನ್ನು ಅವಳು ಮನೆಗೆ ಬಂದು ನಮಗೆ ಹಾಗೆಯೇ ಹೇಳಿದಳು. “ಯವ್ವಾ, ನಮ್ಮ ಗುಡಸಲಕ್ಕ ಹೊಸ್ತಿಲ ಇಲ್ಲ. ಹೊಸ್ತಿಲ ಇಲ್ಲದ ಮನಿಗಿ ಆಕಿ ಬರಂಗಿಲ್ಲ. ಹುಟ್ಟಿದಾಗಿಂದ ಆಕಿ ಮೈಮ್ಯಾಲ ಓಡಾಡೀವಿ, ಒಂದ ದಿನಾ ಆಕಿ ನಮ್ಮ ಮನಿಗಿ ಬಂದಿಲ್ಲ. ನೀ ಏನ ಕಟ್ಟತೀಯೋ ಬಿಡ್ತೀಯೋ, ನನಗೊಂದು ಹೊಸ್ತಿಲ ಕೊಡು.”

ಅವಳ ಯೋಜನೆ ಆ ಒಂದು ಮಾತಿನಿಂದ ಎದ್ದುನಿಂತಿತು. ಗೋಡೆ ಬೇಡ. ದಂಡೆಯ ಮೇಲೆಯೇ ಹತ್ತೊಂಬತ್ತು ಮನೆ, ಊರಿನ ಹಳೆಯ ಮನೆಗಳ ರೀತಿಯಲ್ಲಿಯೇ, ಇಳಿಜಾರು ನೆಲ, ಕಲ್ಲಿನ ಹೊಸ್ತಿಲು. ಮನೆಗಳ ಮುಂದೆ ಊರವರೆಲ್ಲ ಬಂದು ಕೂರಲು ಒಂದು ದೊಡ್ಡ ಕಲ್ಲಿನ ಮಂಟಪ. ಮಂಟಪವನ್ನು ಅವಳು ಬಿಡಿಸಿದ್ದನ್ನು ನೋಡಬೇಕಿತ್ತು. ಒಂದೊಂದು ಕಂಬದ ನೆರಳೂ ಬೇರೆ ಬೇರೆ ಗಂಟೆಗೆ ಎಲ್ಲಿ ಬೀಳುತ್ತದೆ ಎಂದು ಗೆರೆ ಎಳೆದಿದ್ದಳು. ಅವಳ ಗುರುಗಳು ಆ ಒಂದು ಹಾಳೆಗೇ ಬಹುಮಾನ ಬರುತ್ತದೆ ಎಂದಿದ್ದರಂತೆ. ಮನೆಗಳ ವಿಷಯದಲ್ಲಿ ಅವಳು ಹಳೆಯದರಿಂದ ಬದಲಿಸಿದ್ದು ಒಂದನ್ನೇ. ಮುದುಕರ ಮಂಡಿಗೆ ಸುಲಭವಾಗಲಿ ಎಂದು ಅಟ್ಟವನ್ನು ಐದೂವರೆ ಅಡಿಗೆ ಇಳಿಸಿ ಅಗಲವಾದ ಮೆಟ್ಟಿಲು ಕೊಟ್ಟಳು. ಮಾಡು ಎಂಟು ಅಡಿಗೆ ಬಂತು. ನೂರ ಹನ್ನೆರಡು ಮನೆಗಳ ಸಾವಿರಾರು ಗೆರೆಗಳಲ್ಲಿ ಅತಿ ಎತ್ತರದ್ದು ನಾಲ್ಕು ಅಡಿ ಎರಡು ಅಂಗುಲ. ಅದರ ಮೇಲೆ ಇನ್ನೂ ಒಂದಡಿಗಿಂತ ಹೆಚ್ಚು ಬಿಟ್ಟಿದ್ದಳು. ಯಾರು ತಪ್ಪು ಎನ್ನುತ್ತಾರೆ?

ಪುಷ್ಯಮಾಸದಲ್ಲಿ ಪುರಸಭೆ ಒಪ್ಪಿತು. ಪುರಸಭೆಯ ಇಂಜಿನಿಯರು ಗೋಡೆಯ ಕಡೆಯವರು. ಮುಖ ಗಂಟು ಹಾಕಿಕೊಂಡೇ ಸಹಿ ಮಾಡಿದರು. ಮಾಘದಲ್ಲಿ ಬುನಾದಿ ಬಿತ್ತು. ಸುಹಾಸಿನಿ ಕಾಲೇಜಿಗೂ ನಮ್ಮೂರಿಗೂ ಬಸ್ಸಿನಲ್ಲಿ ಓಡಾಡುತ್ತ ಕೆಲಸ ನೋಡಿಕೊಂಡಳು.

ಫಾಲ್ಗುಣದಲ್ಲಿ ಯಲ್ಲಪ್ಪ ತೀರಿಕೊಂಡ. ನಾನು ಮಾತಾಡಿಸಲು ಹೋದೆ. ದುರ್ಗವ್ವ ಗುಡಿಸಲ ಮುಂದೆ ಕೂತಿದ್ದಳು. ಪಕ್ಕದಲ್ಲೇ ಅವಳ ಹೊಸ ಮನೆಯ ಗೋಡೆ ಎದ್ದಿತ್ತು. “ಹೊಸ್ತಿಲ ಕುಂದರಿಸೋದ ನೋಡಿ ಹ್ವಾದ, ಅಷ್ಟಽ ಸಮಾಧಾನ,” ಎಂದಳು. “ಆಷಾಢದಾಗ ಆಕಿ ಮೊದಲ ನಮ್ಮ ಮನಿಗೇ ಬರ್ತಾಳಂತ, ಟೀಚರಮ್ಮಾರ. ಅಂವ ಇಲ್ಲ. ನಾ ಒಬ್ಬಾಕಿನಽ ಒಳಗ ಕುಂತು ಕರಕೋತೀನಿ.”

ನಾನು ಎದ್ದು ಆ ಮನೆಯ ಒಳಗೆ ಕಾಲಿಟ್ಟೆ. ಅಟ್ಟದ ತೊಲೆಗಳನ್ನು ಕೂರಿಸಿದ್ದರು. ಕೈ ಎತ್ತಿದೆ. ತೊಲೆ ಬೆರಳಿಗೆ ಸಿಕ್ಕಿತು. ನಾನು ಐದಡಿಯ ಹೆಂಗಸು. ಅಲ್ಲಿಂದ ನೇರ ಮನೆಗೆ ನಡೆದೆ.

ಹೊರಗಿನವರಿಗೆ ನಾವು ಹೇಳದ ಮಾತು ಇದು. ಸಾವಾದ ಮನೆಗೆ ಹೊಳೆ ಬಂದಾಗ ನಾಲ್ಕು ಅಡಿಗೆ ನಿಲ್ಲುವುದಿಲ್ಲ. ಏರುತ್ತಾಳೆ. ಯಾಕೆಂದು ಯಾರೂ ಕೇಳಿಲ್ಲ. ವರ್ಷ ತುಂಬುವವರೆಗೆ ಆ ಮನೆಯಲ್ಲಿ ಹಬ್ಬವಿಲ್ಲ, ಅರಿಸಿನವಾಗಲಿ ಸುಣ್ಣವಾಗಲಿ ಮುಟ್ಟುವಂತಿಲ್ಲ. ಆದ್ದರಿಂದ ಆ ವರ್ಷ ಗೆರೆಯೂ ಇಲ್ಲ. ಎಷ್ಟು ನಿಂತಿದ್ದಳು ಎಂದು ಯಾರೂ ವಿಚಾರಿಸುವುದಿಲ್ಲ. ಹಾಗೆ ವಿಚಾರಿಸಿದರೆ ಸತ್ತವರ ಮನೆಗೆ ಹೋಗಿ ಎಷ್ಟು ಅತ್ತಿರಿ ಎಂದು ಕೇಳಿದ ಹಾಗೆ. ಗುಡಿಸಲಿನವರಾದ ಅಂಬಿಗರಿಗೆ ಇದು ಗೊತ್ತಿರಲು ದಾರಿಯಿಲ್ಲ. ಮೂರು ಕೇರಿಯವರಿಗೆಲ್ಲ ಗೊತ್ತು. ಎಲ್ಲರಿಗೂ ಗೊತ್ತಿದ್ದುದರಿಂದಲೇ, ಸುಹಾಸಿನಿಗೂ ಯಾರೋ ಹೇಳಿರುತ್ತಾರೆ ಎಂದು ಒಬ್ಬೊಬ್ಬರೂ ಸುಮ್ಮನಿದ್ದೆವು.

ಆ ದಿನ ಸುಹಾಸಿನಿ ಊರಿನಲ್ಲೇ ಇದ್ದಳು. ನಡುಮನೆಯಲ್ಲಿ ರಟ್ಟಿನ ಮಾದರಿಗೆ ಅಂಟು ಹಚ್ಚುತ್ತಿದ್ದಳು. ನಾನು ಎದುರಿಗೆ ಕೂತು ಹೇಳಿದೆ. “ಕೂಸೇ, ಆ ಅಟ್ಟ ಉಪ್ಪಿನಕಾಯಿಗಲ್ಲ.”

ಎಲ್ಲವನ್ನೂ ಕೇಳಿದ ಮೇಲೆ ಅವಳು ತನ್ನ ಪುಸ್ತಕ ತೆಗೆದು ಪುಟ ತಿರುವಿದಳು. ಪ್ರತಿ ಮನೆಯ ಪಟ್ಟಿಯಲ್ಲೂ ಅಲ್ಲಲ್ಲಿ ಒಂದೊಂದು ವರ್ಷಕ್ಕೆ ಸಣ್ಣ ಸೊನ್ನೆ ಇತ್ತು. “ಗೆರೆ ಅಳಿಸಿ ಹೋಗಿದೆ ಅಂದ್ಕೊಂಡೆ ಅಜ್ಜಿ,” ಎಂದಳು. ಬೆರಳಿನಿಂದ ಆ ಸೊನ್ನೆಗಳನ್ನು ಒಂದೊಂದಾಗಿ ಮುಟ್ಟಿದಳು. “ಇಷ್ಟೂ ಜನ.” ಆಮೇಲೆ ನಮ್ಮ ಮನೆಯ ಪುಟಕ್ಕೆ ಬಂದಳು. ಇಪ್ಪತ್ತೆರಡು ವರ್ಷದ ಹಿಂದಿನ ಸೊನ್ನೆ ನನ್ನ ಯಜಮಾನರದ್ದು. “ಅಜ್ಜಿ, ಕೇಳಬಾರದು. ಆದ್ರೆ ಕೇಳಲೇಬೇಕು. ಎಷ್ಟಿತ್ತು?”

ನಾನು ಗೋಡೆಯ ಕಡೆ ನೋಡಿದೆ. ಅವಳು ಒತ್ತಾಯಿಸಲಿಲ್ಲ. ಟೇಪಿನ ತುದಿಯನ್ನು ನೆಲದಲ್ಲಿ ಅಂಟಿನ ಡಬ್ಬಿಯ ಕೆಳಗೆ ಸಿಕ್ಕಿಸಿ, ಗೋಡೆಗುಂಟ ನಿಧಾನವಾಗಿ ಮೇಲೆ ಎಳೆಯುತ್ತ ಹೋದಳು. ನಾನು ಅವಳ ಕೈಯನ್ನೇ ನೋಡುತ್ತಿದ್ದೆ. “ಮ್ಯಾಲೆ,” ಎಂದೆ. ಸೊಂಟ ದಾಟಿತು. “ಮ್ಯಾಲೆ.” ಅವಳ ತಲೆ ದಾಟಿತು. ಸ್ಟೂಲು ಹತ್ತಿದಳು. “ಅಲ್ಲೆ,” ಎಂದೆ.

“ಇನ್ನ ಎರಡು ಬೊಟ್ಟು,” ಎಂದಳು ಸಾವಿತ್ರಕ್ಕ. ಅಡುಗೆಮನೆಯ ಬಾಗಿಲಲ್ಲಿ ಅವಳು ಯಾವಾಗ ಬಂದು ನಿಂತಿದ್ದಳೋ. “ನಾನೂ ಅಟ್ಟದ ಮ್ಯಾಲೆ ಇದ್ನಲ್ಲ. ಇನ್ನ ಎರಡು ಬೊಟ್ಟು ಮ್ಯಾಲೆ.”

ಎಂಟು ಅಡಿ ಮೂರು ಅಂಗುಲ. ದುರ್ಗವ್ವನ ಹೊಸ ಮನೆಯ ಮಾಡಿಗಿಂತಲೂ ಮೂರು ಅಂಗುಲ ಹೆಚ್ಚು. ಸುಹಾಸಿನಿ ಸ್ಟೂಲಿನ ಮೇಲೆ ಹಾಗೆಯೇ ಕೂತುಬಿಟ್ಟಳು. “ನಾನು ಅವಳಿಗೆ ಹೊಸ್ತಿಲು ಕೊಟ್ಟು ಮುಳುಗಿಸ್ತಿದ್ದೆ,” ಎಂದಳು.

“ದುರ್ಗವ್ವಗ ಹೇಳಿ ಆ ದಿನ ಬ್ಯಾರೆ ಕಡೆ ಇರು ಅಂದ್ರಾತು,” ಎಂದೆ, ಅವಳ ಮುಖ ನೋಡಲಾರದೆ. “ನಿನ್ನ ಯೋಜನೆ ಹಾಳಾಗೋದು ಬ್ಯಾಡ. ತಪ್ಪಾಗೇದ ಅಂದ್ರ ಆ ಇಂಜಿನಿಯರು ಗ್ವಾಡಿ ಕಟ್ಟಸ್ತಾನ.”

“ಅವಳು ಹೊರಗೆ ಇರ್ತಾಳಾ ಅಜ್ಜಿ? ನೀವು ಇದ್ರಾ?”



ಚೈತ್ರದ ಮೊದಲ ಸೋಮವಾರ ಪುರಸಭೆಯ ಸಭೆ. ಅಂಬಿಗರೆಲ್ಲ ಬಂದಿದ್ದರು, ಮೂರು ಕೇರಿಯವರೂ ಬಂದಿದ್ದರು. ಸುಹಾಸಿನಿ ಎದ್ದುನಿಂತು, ಪೀಠಿಕೆಯಿಲ್ಲದೆ, “ನನ್ನ ಅಳತೆ ತಪ್ಪಾಗಿದೆ,” ಎಂದಳು. ನೀರು ಎಂಟು ಅಡಿ ದಾಟುತ್ತದೆ, ಅಟ್ಟ ಒಂಬತ್ತು ಅಡಿಗೆ ಏರಬೇಕು, ಗೋಡೆಗಳು ಹನ್ನೆರಡಕ್ಕೆ, ಇಲ್ಲದಿದ್ದರೆ ಈ ಮನೆಗಳನ್ನು ಯಾರಿಗೂ ಕೊಡಬೇಡಿ ಎಂದಳು. ತಪ್ಪು ನಾನು ಅವಳಿಗೆ ಹೇಳಿದ್ದರಲ್ಲಿತ್ತು, ಅವಳದ್ದಲ್ಲ. ಆದರೆ ನನ್ನ ಹೆಸರನ್ನು ಅವಳು ಎತ್ತಲಿಲ್ಲ.

ಇಂಜಿನಿಯರು ಕುರ್ಚಿಗೆ ಒರಗಿಕೊಂಡರು. “ನಾ ಆವತ್ತೇ ಅಂದಿದ್ದೆ. ಪರೀಕ್ಷೆ ಬರಿಯೋ ಹುಡುಗರ ಕೈಗೆ ಊರು ಕೊಟ್ರೆ ಇದೇ ಆಗೋದು. ಗೋಡೆನೇ ಕಟ್ಟೋಣ, ಸುಮ್ನೆ.”

ಅಧ್ಯಕ್ಷ ಚನ್ನವೀರಪ್ಪನವರು ಒಳ್ಳೆಯವರು, ಆದರೆ ಕಾಗದ ಬಿಟ್ಟು ಮಾತಾಡುವವರಲ್ಲ. “ನೋಡವಾ, ಮೊದಲ ನಾಕ ಅಡಿ ಅಂದಿ, ಗೆರಿ ತೋರಿಸಿದಿ, ಒಪ್ಪಿದ್ವಿ. ಈಗ ಎಂಟ ಅಡಿ ಅಂತಿ. ಆ ಗೆರಿ ಎಲ್ಲೈತಿ, ತೋರ್ಸು. ಗೆರಿ ಇಲ್ಲದ ಎತ್ತರಕ್ಕ ನಾ ಏನಂತ ಸಹಿ ಹಾಕ್ಲಿ?”

ಅವಳು ಪುಸ್ತಕ ಮುಚ್ಚಿದಳು. ನಮ್ಮ ಮನೆಯ ಅಳತೆ ಅವಳ ಪುಸ್ತಕದಲ್ಲಿತ್ತು. ಅದನ್ನು ಓದಿ ಹೇಳಬಹುದಿತ್ತು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಆ ಹುಡುಗಿಯ ಘನತೆ ನನಗೆ ಅರ್ಥವಾದದ್ದು ಆ ಕ್ಷಣದಲ್ಲಿ. ತನ್ನ ಐದು ವರ್ಷದ ಓದು ಕೈಬಿಟ್ಟು ಹೋಗುತ್ತಿದ್ದರೂ ನನ್ನ ದುಃಖವನ್ನು ನಾಲ್ಕು ಜನರ ಮುಂದೆ ಇಡಲು ಅವಳಿಗೆ ಮನಸ್ಸು ಬರಲಿಲ್ಲ.

ನಾನು ಎದ್ದೆ. “ನಮ್ಮ ಯಜಮಾನರು ಹೋದ ವರ್ಷ, ಎಂಟು ಅಡಿ ಮೂರು ಅಂಗುಲ,” ಎಂದೆ. “ನಾನೂ ಸಾವಿತ್ರಕ್ಕನೂ ಅಟ್ಟದ ಮ್ಯಾಲೆ ಕೂತಿದ್ವಿ. ಅವರು ಹೋಗಿ ನಾಲ್ಕು ತಿಂಗಳಾಗಿತ್ತು. ನಾನು ಅತ್ತಿರಲಿಲ್ಲ. ಅವತ್ತ ಅತ್ತೆ.”

ಹಿಂದಿನ ಬೆಂಚಿನಿಂದ ಇಮಾಮಸಾಬರು ಎದ್ದರು. ಟೊಪ್ಪಿಗೆ ಸರಿಮಾಡಿಕೊಂಡು, “ನಮ್ಮ ಹುಡುಗಿ ತೀರಿಹ್ವಾದ ವರ್ಷ. ಏಳು ಅಡಿ ಹತ್ತು,” ಎಂದು ಹೇಳಿ ಕೂತರು. ಕುಂಬಾರರ ಮನೆಯ ಹಿರಿಯ ಎದ್ದ. ಆಮೇಲೆ ಬಳೆಗಾರರ ಮನೆಯ ಸೊಸೆ, ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡೇ. ಒಬ್ಬರು ಕೂತರೆ ಇನ್ನೊಬ್ಬರು. ಯಾರೂ ಎರಡು ಮಾತು ಹೆಚ್ಚಿಗೆ ಆಡಲಿಲ್ಲ. ಹೋದವರು ಯಾರು, ನೀರು ಎಷ್ಟು, ಅಷ್ಟೇ. ಸುಹಾಸಿನಿ ನಿಂತಲ್ಲೇ ನಿಂತು, ಕಣ್ಣು ಒರೆಸಿಕೊಳ್ಳದೆ, ಸೊನ್ನೆಗಳಿದ್ದ ಜಾಗದಲ್ಲಿ ಒಂದೊಂದಾಗಿ ಬರೆದುಕೊಂಡಳು. ಐವತ್ತು ವರ್ಷದಲ್ಲಿ ಈ ಊರು ತನ್ನ ಸಾವುಗಳ ಬಗ್ಗೆ ಇಷ್ಟು ಮಾತಾಡಿರಲಿಲ್ಲ.

ಕೊನೆಗೆ ಚನ್ನವೀರಪ್ಪನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನಮ್ಮವ್ವ ಹ್ವಾದ ವರ್ಷ,” ಎಂದರು. ಸ್ವಲ್ಪ ತಡೆದು, “ಎಂಟೂವರಿ. ನಾ ಅಟ್ಟದ ಮ್ಯಾಲ ಇದ್ನಿ. ಬರಕೋ,” ಎಂದರು.

ಇಂಜಿನಿಯರು ತಮ್ಮ ಕೆಲಸದ ಮಾತನ್ನು ಆಡಿದರು. ಅದು ನ್ಯಾಯದ ಮಾತೇ ಆಗಿತ್ತು. ಗೋಡೆ ಏರಿಸಲು ಕಲ್ಲು ಎಲ್ಲಿಂದ ತರುವುದು, ಇದ್ದದ್ದೆಲ್ಲ ಮಂಟಪಕ್ಕೆ ಎತ್ತಿಟ್ಟಿದೆ ಎಂದರು. ಸುಹಾಸಿನಿ ಕಾಗದದ ಕೊಳವೆಯಿಂದ ದೊಡ್ಡ ಹಾಳೆಯನ್ನು ತೆಗೆದು ಮೇಜಿನ ಮೇಲೆ ಹರಡಿದಳು. ಬಹುಮಾನ ಬರುತ್ತದೆ ಎಂದಿದ್ದ ಹಾಳೆ. ರಬ್ಬರು ತೆಗೆದುಕೊಂಡು ಮಂಟಪದ ಮೊದಲನೆಯ ಕಂಬವನ್ನು ಅಳಿಸಿದಳು, ಎರಡನೆಯದನ್ನು ಅಳಿಸಿದಳು. ನೆರಳಿನ ಗೆರೆಗಳನ್ನೂ ಬಿಡಲಿಲ್ಲ. ಎಲ್ಲರೂ ನೋಡುತ್ತ ಕೂತರು. ಪೂರ್ತಿ ಅಳಿಸಿ, ಪುಡಿಯನ್ನು ಅಂಗೈಯಿಂದ ಗುಡಿಸಿ, “ಆ ಕಲ್ಲು ಮನೆಗೆ ಬರಲಿ ಸರ್. ಊರವರು ಮೆಟ್ಟಿಲ ಮೇಲೆ ಕೂರ್ತಾರೆ,” ಎಂದಳು. ಇಂಜಿನಿಯರು ಆ ಹಾಳೆಯನ್ನು ತಾವೇ ಸುತ್ತಿ, ಮಡಿಕೆ ಬೀಳದ ಹಾಗೆ ಕೊಳವೆಗೆ ತುಂಬಿ ಅವಳ ಕೈಗೆ ಕೊಟ್ಟರು.

ಅವಳಿಗೆ ಬಹುಮಾನ ಬರಲಿಲ್ಲ. ಪರೀಕ್ಷೆಯ ದಿನ ತಪ್ಪಿದ ನಕ್ಷೆಯನ್ನೂ ತಿದ್ದಿದ ನಕ್ಷೆಯನ್ನೂ ಪಕ್ಕಪಕ್ಕದಲ್ಲಿ ತೂಗುಹಾಕಿ, ತಾನು ಯಾವ ಪ್ರಶ್ನೆ ಕೇಳಲಿಲ್ಲ ಎಂಬುದನ್ನೇ ಮುಕ್ಕಾಲು ಗಂಟೆ ಹೇಳಿದಳಂತೆ.

ಆಷಾಢದ ಎರಡನೆಯ ವಾರ ಹೊಳೆ ಮೆಟ್ಟಿಲು ಹತ್ತಿತು. ಹೊಸ ಮನೆಗಳು ದಂಡೆಗೆ ಹತ್ತಿರ, ಹಾಗಾಗಿ ಸರದಿಯಲ್ಲಿ ಮೊದಲು. ಸುಹಾಸಿನಿ ಹಿಂದಿನ ಸಂಜೆಯೇ ಬಸ್ಸಿಳಿದು ಬಂದಿದ್ದಳು. ಬೆಳಿಗ್ಗೆ ನಾವೆಲ್ಲ ಬೀದಿಯಲ್ಲಿ ನಿಂತಿದ್ದೆವು. ದುರ್ಗವ್ವ ಹೊಸ್ತಿಲಿಗೆ ನೀರು ಚಿಮುಕಿಸಿ, ಬಾಗಿಲು ಹಾರುಹೊಡೆದು ಒಳಗೆ ಹೋಗಿ ಏಣಿ ಹತ್ತಿದಳು. ಹೊಳೆ ಬಂತು. ಹೊಸ್ತಿಲ ಮುಂದೆ ಒಂದು ಗಳಿಗೆ ನಿಂತಿತು, ಪರಿಚಯವಿಲ್ಲದ ಮನೆಯ ಮುಂದೆ ನಿಂತ ಹಾಗೆ. ಆಮೇಲೆ ದಾಟಿತು. ಹತ್ತು ಗಂಟೆಗೆ ಕಿಟಕಿಯ ಕೆಳಗಿನ ಅಂಚು ಮುಚ್ಚಿತು. ಹನ್ನೊಂದಕ್ಕೆ ಕಿಟಕಿಯೇ ಕಾಣಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಾಗಿಲಿನ ಮೇಲ್ತುದಿಯವರೆಗೆ ಬರಿಯ ನೀರು, ಗಾಜಿನ ಹಾಗೆ ನಿಂತದ್ದು, ಒಂದು ಹನಿಯೂ ಬೀದಿಗೆ ಬೀಳದೆ. ಸುಹಾಸಿನಿ ನನ್ನ ಕೈ ಹಿಡಿದುಕೊಂಡಿದ್ದಳು. ಅವಳ ಉಗುರು ನನ್ನ ಅಂಗೈಯಲ್ಲಿ ಊರಿದ ಗುರುತು ಎರಡು ದಿನ ಇತ್ತು. ಬೆಳಗಿನಿಂದ ಅವಳು ಗುಟುಕು ನೀರೂ ಕುಡಿದಿರಲಿಲ್ಲ. “ದುರ್ಗವ್ವಾ,” ಎಂದು ಒಂದು ಸಲ ಕೂಗಿದಳು. “ಕರೀಬ್ಯಾಡ,” ಎಂದಳು ಸಾವಿತ್ರಕ್ಕ. “ಅವರಿಬ್ಬರೂ ಮಾತಾಡ್ಲಿಕ್ಕತ್ಯಾರ.”

ದೀಪ ಹಚ್ಚುವ ಹೊತ್ತಿಗೆ ನೀರು ಇಳಿಯಿತು. ಮೊದಲು ಕಿಟಕಿ ಕಂಡಿತು, ಆಮೇಲೆ ನೆಲ. ಏಣಿಯ ಮೇಲೆ ಎರಡು ಕಾಲು ಕಂಡವು. ದುರ್ಗವ್ವ ಬಾಗಿಲಿಗೆ ಬಂದಳು. ಸೀರೆಯ ಅಂಚು ಒಂದು ಗೇಣು ಒದ್ದೆ. ಮುಖ ತೊಳೆದ ಹಾಗಿತ್ತು. ಸುಹಾಸಿನಿ ಎದುರಿಗೆ ನಿಂತಳು. ಚೀಲದಲ್ಲಿ ಟೇಪು ಇತ್ತು, ತೆಗೆಯಲಿಲ್ಲ.

“ಕೇಳವ್ವಾ,” ಎಂದಳು ದುರ್ಗವ್ವ. “ನೀ ಕೇಳದಿದ್ರ ಯಾರ ಕೇಳ್ಬೇಕು?”

“ಎಷ್ಟು ಬಂದಿತ್ತು ಅವ್ವಾ?”

“ಅಟ್ಟಕ್ಕ ಒಂದ ಗೇಣ ಉಳದಿತ್ತು. ನಾ ಕಾಲ ಇಳಿಬಿಟ್ಟು ಕುಂತಿದ್ನಿ. ಆಕಿ ನನ್ನ ಪಾದ ಹಿಡಕೊಂಡು ಕುಂತಿದ್ಲು. ಸಂಜಿತನಾ ಬಿಡ್ಲಿಲ್ಲ.” ಆಮೇಲೆ ಅವಳು ತನ್ನ ಒರಟು ಕೈಯಿಂದ ಹುಡುಗಿಯ ತಲೆ ಸವರಿದಳು. “ಬಾ, ಒಳಗ ಬಾ. ಹೊಸ್ತಿಲ ದಾಟಿ ಬಾ. ನೀ ಕಟ್ಟಿದ್ದು.”

ಸುಹಾಸಿನಿ ಒಳಗೆ ಹೋಗಿ ಒದ್ದೆ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಮೂರು ವರ್ಷದ ಹಿಂದಿನ ಮಾತು. ಅಲ್ಲಿಂದ ಇಲ್ಲಿಯವರೆಗೆ ಆ ಹತ್ತೊಂಬತ್ತು ಮನೆಗಳಲ್ಲಿ ಐದು ಸಾವಾಗಿದೆ. ಐದು ಸಲವೂ ಹೊಳೆ ಏರಿದೆ. ಅಟ್ಟದ ಮೇಲಿದ್ದವರು ಸಂಜೆಗೆ ಇಳಿದು ಬಂದಿದ್ದಾರೆ. ಓದು ಮುಗಿಸಿದ ಮೇಲೆ ಅವಳು ಬೇರೆ ಬೇರೆ ಊರುಗಳ ಕೆರೆದಂಡೆ, ಹೊಳೆದಂಡೆಗಳ ಕೆಲಸ ಹಿಡಿದಳು. ಯಾವ ಊರಿಗೆ ಹೋದರೂ ಮೊದಲು ಮುದುಕಿಯರನ್ನು ಮಾತಾಡಿಸುತ್ತೇನೆ ಎಂದು ಫೋನಿನಲ್ಲಿ ನಗುತ್ತಿದ್ದಳು.

ಹದಿಮೂರನೆಯ ದಿನ ಕಳೆದ ಮೇಲೆ ನಾನು ಅವಳ ತಾಯಿಗೆ ಫೋನು ಮಾಡಿದೆ. ಆಕೆ ಕೇಳಿದರು. “ನಿಮ್ಮೂರಲ್ಲಿ ಹೊಳೆ ಮನೆಗೆ ಬರತ್ತಂತೆ. ಅವಳು ಹೇಳ್ತಿದ್ಲು. ನಾನು ನಗ್ತಿದ್ದೆ. ನಿಜಾನಾ ಅಮ್ಮಾ?”

“ನಿಜ ತಾಯಿ.”

“ನನಗೆ ಇನ್ನೂ ಅಳು ಬಂದಿಲ್ಲ. ನಮ್ಮದು ಮೂರನೇ ಮಹಡಿ. ಇಲ್ಲಿ ಹತ್ರದಲ್ಲಿ ಯಾವ ಹೊಳೆನೂ ಇಲ್ಲ.”

ಆಷಾಢಕ್ಕೆ ನಮ್ಮಲ್ಲಿಗೆ ಬನ್ನಿ, ಅಟ್ಟದ ಮೇಲೆ ನನ್ನ ಪಕ್ಕದಲ್ಲಿ ಜಾಗವಿದೆ ಎಂದೆ. ಬರುತ್ತೇನೆ ಎಂದರು. ಬರುತ್ತಾರೋ ಇಲ್ಲವೋ ತಿಳಿಯದು. ಅಲ್ಲಿಯವರೆಗೆ ಏಳು ತಿಂಗಳಿದೆ.

ದಿನವೂ ಸಂಧ್ಯಾಕಾಲಕ್ಕೆ ನಾನೂ ಸಾವಿತ್ರಕ್ಕನೂ ಮೆಟ್ಟಿಲಿಗೆ ಹೋಗಿ ನೀರಿಗೆ ಕೈಮುಗಿಯುತ್ತೇವೆ. ಅವಳ ಗೋತ್ರ ನಮಗೆ ತಿಳಿಯದು. ಹೆಸರು ಹೇಳಿ ಎಳ್ಳು ಬಿಡುತ್ತೇವೆ. ನಾರಾಯಣಾ, ಪರರ ಮನೆಯ ದುಃಖವನ್ನು ಅಂಗೈಯಲ್ಲಿ ಹಿಡಿದು ಅಳೆದ ಮಗು ಅದು. ಅದರ ದಣಿವು ಆರಲಿ. ಅವಳ ತಾಯಿ ಕೂತಿರುವ ಬಾಗಿಲಿಗೆ ಯಾವ ದಾರಿಯಿಂದಲಾದರೂ ಆ ಹೊಳೆಯಮ್ಮನನ್ನು ಕಳಿಸು, ಮೂರು ಮಹಡಿಯನ್ನೂ ಹತ್ತಿಸು. ನಮ್ಮ ಸುಹಾಸಿನಿಯನ್ನು ನಿನ್ನ ಪಾದದ ಹತ್ತಿರ ಕೂರಿಸಿಕೊಂಡು ಶಾಂತಿ ಕೊಡು.